ಎಲೆ ತೂತಾದರೆ ಮರಿ ಹಾರೀತು

ನಮ್ಮ ಅಡುಗೆಮನೆಯ ಕಿಟಕಿಯಿಂದ ಹದಿನೈದು ಅಡಿ ದೂರದಲ್ಲಿ ಒಂದು ನಂದಿಬಟ್ಟಲ ಗಿಡವಿದೆ. ಆಳೆತ್ತರಕ್ಕೆ ಬೆಳೆದು, ಒಳಗೆ ಬೆಳಕು ಹೋಗುವುದೇ ಕಷ್ಟ ಎನ್ನುವಷ್ಟು ಒತ್ತಾಗಿದೆ. ಈ ಸಲ ಮಾರ್ಚ್ ಮೊದಲ ವಾರದಲ್ಲಿ ಒಂದು ಜೋಡಿ ಪಿಕಳಾರ ಅದರೊಳಕ್ಕೆ ನುಗ್ಗುವುದು, ಹೊರಬರುವುದು, ಮತ್ತೆ ನುಗ್ಗುವುದು ಶುರುವಾಯಿತು. ಬಾಯಲ್ಲಿ ಒಂದೊಂದು ಸಲ ಒಣಗಿದ ಎಲೆ, ಒಂದೊಂದು ಸಲ ತೆಂಗಿನ ನಾರು, ಒಮ್ಮೆ ಎಲ್ಲಿಂದಲೋ ಹೆಕ್ಕಿ ತಂದ ತೆಳ್ಳನೆಯ ಪ್ಲಾಸ್ಟಿಕ್ ಚೂರು. ತಲೆಯ ಮೇಲೆ ನೆಟ್ಟಗೆ ನಿಂತ ಕರಿ ಜುಟ್ಟು, ಕಣ್ಣಿನ ಹಿಂದೆ ಕುಂಕುಮ ಇಟ್ಟಂಥ ಬೊಟ್ಟು, ಬಾಲದ ಬುಡದಲ್ಲಿ ಕೆಂಪು. ಹಕ್ಕಿ ಪುಸ್ತಕಗಳಲ್ಲಿ ಇದಕ್ಕೆ ಕೆಮ್ಮೀಸೆ ಪಿಕಳಾರ ಎಂದು ಹೆಸರು. ಮಲೆನಾಡಿನ ನಮ್ಮ ಕಡೆ ಬರೀ ಪಿಕಳಾರ. ಮನುಷ್ಯರ ಮನೆಗೆ ಇಷ್ಟು ಹತ್ತಿರ ಬಂದು ಗೂಡು ಕಟ್ಟುವ ಹಕ್ಕಿಗಳು ಹೆಚ್ಚಿಲ್ಲ. ತೂಗುಹಾಕಿದ ಹೂವಿನ ಕುಂಡದಲ್ಲಿ, ಮಲ್ಲಿಗೆ ಚಪ್ಪರದಲ್ಲಿ, ಕೆಲವೊಮ್ಮೆ ಜಗಲಿಯ ಮಾಡಿನಡಿಯಲ್ಲೂ ಇದು ಸಂಸಾರ ಹೂಡುತ್ತದೆ.

ಅಂದೇ ಮನೆಯವರಿಗೆಲ್ಲ ಹೇಳಿದೆ: ಇನ್ನು ಐದು ವಾರ ಆ ಗಿಡದ ಹತ್ತಿರ ಯಾರೂ ಸುಳಿಯಬಾರದು. ಪೂಜೆಗೆ ಹೂವು ಬೇಕಿದ್ದರೆ ದಾಸವಾಳವಿದೆ.

ಹೀಗೆ ಹೇಳಲು ಕಾರಣವಿದೆ. ಇನ್ನೂ ಮೊಟ್ಟೆಯಿಡದ ಹಕ್ಕಿಗೆ ಗೂಡನ್ನು ಬಿಟ್ಟುಹೋಗುವುದು ದೊಡ್ಡ ನಷ್ಟವಲ್ಲ. ಯಾರೋ ಪದೇ ಪದೇ ಇಣುಕುತ್ತಿದ್ದಾರೆ ಎಂದು ಕಂಡರೆ ಅರ್ಧ ಕಟ್ಟಿದ್ದನ್ನು ಹಾಗೇ ಬಿಟ್ಟು ಬೇರೆ ಗಿಡ ಹುಡುಕುತ್ತದೆ. ಮೊಟ್ಟೆಯಿಟ್ಟ ಮೇಲೆ, ಅದರಲ್ಲೂ ಮರಿಯಾದ ಮೇಲೆ, ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆದ್ದರಿಂದ ಗೂಡು ನೋಡುವ ಆಸೆಯಿದ್ದವರು ಅತಿ ಹೆಚ್ಚು ಎಚ್ಚರ ವಹಿಸಬೇಕಾದದ್ದು ಮೊದಲ ದಿನಗಳಲ್ಲಿ. ನಮಗೆ ತಾಳ್ಮೆ ಅತಿ ಕಡಿಮೆ ಇರುವುದೂ ಆಗಲೇ. ಮೊಬೈಲ್ ಹಿಡಿದು ಗಿಡದೊಳಕ್ಕೆ ಕೈ ಚಾಚುವ ಮನಸ್ಸಾಗುತ್ತದೆ. ಅದನ್ನು ತಡೆದುಕೊಂಡರೆ ಮುಂದಿನದೆಲ್ಲ ತಾನಾಗಿ ಕಾಣಸಿಗುತ್ತದೆ. ಕಿಟಕಿಯ ಒಳಗೆ ನಿಂತರೆ ಸಾಕು, ಗೋಡೆಯೇ ಮರೆ.

ಮನೆಯ ಪಕ್ಕ ಕೂತು ನೋಡುವುದನ್ನು ಯಾರೂ ಸಣ್ಣದೆಂದು ತಿಳಿಯಬಾರದು. ಪಕ್ಷಿತಜ್ಞ ಸಲೀಂ ಅಲಿ 1930ರಲ್ಲಿ ಜರ್ಮನಿಯಿಂದ ತರಬೇತಿ ಮುಗಿಸಿ ಬಂದಾಗ ಮುಂಬಯಿಯಲ್ಲಿ ಅವರ ಕೆಲಸವೇ ಇರಲಿಲ್ಲ, ಹಣವಿಲ್ಲವೆಂದು ಆ ಹುದ್ದೆಯನ್ನು ತೆಗೆದುಹಾಕಿದ್ದರು. ಕೈಯಲ್ಲಿ ಉದ್ಯೋಗವಿಲ್ಲದೆ ಅಲಿಬಾಗ್ ಹತ್ತಿರದ ಕಿಹಿಮ್ ಎಂಬ ಕಡಲಂಚಿನ ಊರಿನ ಮನೆಗೆ ಹೋದರು. ಮನೆಯ ಹತ್ತಿರದ ಮರದಲ್ಲಿ ಗೀಜಗಗಳು ಗೂಡು ನೇಯುತ್ತಿದ್ದವು. ಆ ಮಳೆಗಾಲವಿಡೀ ಅವನ್ನೇ ನೋಡುತ್ತ ಕೂತರು. ಗಂಡು ಗೀಜಗ ಗೂಡನ್ನು ಅರ್ಧ ನೇಯ್ದು ನಿಲ್ಲಿಸುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದ ಮೇಲೆಯೇ ಪೂರ್ಣ ಮಾಡುತ್ತದೆ, ಆ ಹೆಣ್ಣು ಕಾವಿಗೆ ಕೂತ ಮೇಲೆ ಇನ್ನೊಂದು ಗೂಡು ಶುರುಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ ಎಂಬುದು ಲೋಕಕ್ಕೆ ತಿಳಿದದ್ದು ಆ ನೋಟದಿಂದ. ದೂರದ ಕಾಡಿಗೆ ಹೋಗಿ ಕಂಡದ್ದಲ್ಲ, ಮನೆಯ ಹತ್ತಿರ ಕೂತು ಕಂಡದ್ದು.

ನಮ್ಮ ಪಿಕಳಾರದ ಬಟ್ಟಲುಗೂಡು ನಾಲ್ಕೈದು ದಿನದಲ್ಲಿ ಮುಗಿಯಿತು. ಹಕ್ಕಿ ಅದರೊಳಗೆ ಕೂತು ಎದೆಯನ್ನು ಒತ್ತಿ ಒತ್ತಿ ಸುತ್ತ ತಿರುಗುತ್ತಿತ್ತು. ಬಟ್ಟಲಿನ ಒಳಗುಂಡಿಗೆ ಆಕಾರ ಬರುವುದು ಹಾಗೆ, ಹಕ್ಕಿಯ ಎದೆಯೇ ಅಚ್ಚು. ಆಮೇಲೆ ದಿನಕ್ಕೊಂದರಂತೆ ಮೂರು ಮೊಟ್ಟೆ. ನಸುಗೆಂಪಿನ ಮೇಲೆ ಕಂದುಗೆಂಪು ಚುಕ್ಕಿ, ಅಗಲವಾದ ತುದಿಯಲ್ಲಿ ಚುಕ್ಕಿಗಳು ಇನ್ನೂ ಒತ್ತು. ಎರಡೂ ಹಕ್ಕಿಗಳು ಹೊರಗೆ ಹೋಗಿದ್ದಾಗ ಒಂದೇ ಸಲ, ಕೋಲಿಗೆ ಕಟ್ಟಿದ ಕನ್ನಡಿಯಲ್ಲಿ, ಎರಡು ಕ್ಷಣ ನೋಡಿದ್ದು ಅಷ್ಟೆ. ಸುಮಾರು 12 ದಿನ ಕಾವು. ಗಂಡು ಹೆಣ್ಣು ಎರಡೂ ನೋಡಲು ಒಂದೇ ಥರ ಇರುವುದರಿಂದ ಕೂತದ್ದು ಯಾವುದು ಎಂದು ಕಿಟಕಿಯಿಂದ ಹೇಳಲು ಬರುವುದಿಲ್ಲ. ಎಲೆಗಳ ನಡುವೆ ಜುಟ್ಟಿನ ತುದಿ ಮಾತ್ರ ಕಾಣುತ್ತಿತ್ತು. ಕಾವಿಗೆ ಕೂರುವ ಹಕ್ಕಿಯ ಹೊಟ್ಟೆಯ ಅಡಿಯಲ್ಲಿ ಗರಿ ಉದುರಿ ಒಂದು ಬೋಳು ಜಾಗ ಆಗಿರುತ್ತದೆ, ಅಲ್ಲಿ ರಕ್ತನಾಳಗಳು ತುಂಬಿಕೊಂಡು ಚರ್ಮ ಬೆಚ್ಚಗಿರುತ್ತದೆ. ಆ ಚರ್ಮವೇ ನೇರವಾಗಿ ಮೊಟ್ಟೆಗೆ ತಾಗಬೇಕು. ಗರಿ ಶಾಖವನ್ನು ತಡೆಯುತ್ತದಲ್ಲ, ಅದಕ್ಕೆ.

ಮೂರರಲ್ಲಿ ಎರಡು ಒಡೆದವು. ಮೂರನೆಯದು ಕೊನೆಯವರೆಗೂ ಹಾಗೇ ಉಳಿಯಿತು.

ಪಿಕಳಾರದ ಮರಿ ಹುಟ್ಟುವಾಗ ಮೈಮೇಲೆ ಒಂದು ನವಿರೂ ಇರುವುದಿಲ್ಲ. ಕಣ್ಣು ಮುಚ್ಚಿರುತ್ತದೆ, ಹೊಟ್ಟೆ ಉಬ್ಬಿರುತ್ತದೆ, ಕತ್ತು ತಲೆಯನ್ನು ಹೊರಲಾರದಷ್ಟು ಸಣ್ಣ. ಕೋಳಿಮರಿ ಹುಟ್ಟಿದ ಕೆಲವೇ ಗಂಟೆಗಳಲ್ಲಿ ನಡೆದಾಡುತ್ತದೆ, ತಾನೇ ಕುಕ್ಕಿ ತಿನ್ನುತ್ತದೆ. ಪಿಕಳಾರದ ಮರಿಗೆ ತನ್ನ ಮೈಯನ್ನು ಬೆಚ್ಚಗಿಟ್ಟುಕೊಳ್ಳಲೂ ಬರುವುದಿಲ್ಲ. ರಾತ್ರಿಯ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ತಾಯಿತಂದೆಯ ಮೈಯೇ ಗತಿ. ಹನ್ನೆರಡು ಗಂಟೆಯ ಹೊತ್ತಿಗೆ ಎಲೆಗಳ ಸಂದಿನಿಂದ ಒಂದು ಕೋಲುಬಿಸಿಲು ಗೂಡಿನ ಮೇಲೆ ಬೀಳುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಒಂದು ಹಕ್ಕಿ ಬಂದು ರೆಕ್ಕೆಗಳನ್ನು ಅರ್ಧ ಬಿಚ್ಚಿ, ಬಾಯಿ ತೆರೆದು ಏದುಸಿರು ಬಿಡುತ್ತ, ಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿತ್ತು. ಬಿಸಿಲು ಸರಿಯುವ ತನಕ ಕದಲುತ್ತಿರಲಿಲ್ಲ. ಮಾರ್ಚ್ ಕೊನೆಯ ಬಿಸಿಲು ಎಂಥದ್ದೆಂದು ನಮಗೆ ಗೊತ್ತು. ನನಗೆ ಅದನ್ನು ನೋಡುತ್ತ ಊಟ ಮಾಡುವುದು ಕಷ್ಟವಾಗುತ್ತಿತ್ತು.

ಕಣ್ಣು ಕಾಣದ ಮರಿಗೆ ಅಪ್ಪ ಅಮ್ಮ ಬಂದದ್ದು ಹೇಗೆ ತಿಳಿಯುತ್ತದೆ? ಗೂಡಿನಂಚಿಗೆ ಹಕ್ಕಿ ಬಂದು ಕೂತಾಗ ಗೂಡು ತುಸು ಅಲುಗುತ್ತದೆ. ಆ ಅಲುಗಾಟವೇ ಸೂಚನೆ. ತಕ್ಷಣ ಮರಿಯ ಕತ್ತು ನೆಟ್ಟಗೆ ಮೇಲಕ್ಕೆ ಏಳುತ್ತದೆ, ಬಾಯಿ ಅಗಲವಾಗಿ ತೆರೆದುಕೊಳ್ಳುತ್ತದೆ. 1939ರಲ್ಲಿ ನಿಕೊ ಟಿನ್‌ಬರ್ಗೆನ್ ಮತ್ತು ಕ್ಯೂನೆನ್ ಎಂಬ ಇಬ್ಬರು ಡಚ್ ವಿಜ್ಞಾನಿಗಳು ಥ್ರಷ್ ಜಾತಿಯ ಮರಿಗಳ ಮೇಲೆ ಇದನ್ನು ಪರೀಕ್ಷಿಸಿ ಬರೆದರು. ಕಣ್ಣು ತೆರೆಯುವ ಮೊದಲು ಮರಿ ಗೂಡು ಅಲುಗಿದರೆ ಸಾಕು ಬಾಯಿ ತೆರೆಯುತ್ತದೆ, ಅದೂ ಯಾವ ದಿಕ್ಕಿನಿಂದ ಅಲುಗಿದರೂ ನೇರ ಆಕಾಶಕ್ಕೆ. ಕಣ್ಣು ತೆರೆದು ಸ್ವಲ್ಪ ದಿನವಾದ ಮೇಲೆ ಬಾಯಿ ತಾಯಿಯ ತಲೆಯ ಕಡೆಗೆ ತಿರುಗುತ್ತದೆ. ತಾಯಿಯ ಬದಲು ರಟ್ಟಿನ ಬಿಲ್ಲೆಗಳನ್ನು ಜೋಡಿಸಿ ತೋರಿಸಿದರೂ ಯಾವುದು 'ತಲೆ'ಯಂತೆ ಕಾಣುತ್ತದೋ ಅದರ ಕಡೆಗೇ ತಿರುಗುತ್ತಿತ್ತು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ ಟಿನ್‌ಬರ್ಗೆನ್‌ಗೆ 1973ರಲ್ಲಿ ನೊಬೆಲ್ ಬಂತು. ನಮ್ಮ ನಂದಿಬಟ್ಟಲಲ್ಲಿ ನಾನು ಕಂಡದ್ದೂ ಅದೇ: ಮೊದಲ ದಿನಗಳಲ್ಲಿ ಗಾಳಿ ಬೀಸಿ ಕೊಂಬೆ ತೂಗಿದರೂ ಎರಡು ಪುಟ್ಟ ಕೆಂಪು ಬಾಯಿಗಳು ಎಲೆಯ ಮೇಲೆ ಎದ್ದು ಕಾಣುತ್ತಿದ್ದವು. ಆರನೆಯ ದಿನದ ಮೇಲೆ ಗಾಳಿಗೆ ಏಳುವುದು ನಿಂತಿತು.

ಯಾವ ಬಾಯಿಗೆ ಮೊದಲು? ಹೆಚ್ಚು ಎತ್ತರಕ್ಕೆ ಚಾಚಿದ್ದಕ್ಕೆ. ಇದರಲ್ಲಿ ಅನ್ಯಾಯ ಕಂಡರೂ ಒಂದು ತಿದ್ದುಪಡಿ ಉಂಟು. ಹೊಟ್ಟೆ ತುಂಬಿದ ಮರಿಯ ಗಂಟಲಿಗೆ ಹುಳ ಇಟ್ಟರೆ ಅದು ತಕ್ಷಣ ನುಂಗುವುದಿಲ್ಲ. ತಾಯಿಹಕ್ಕಿ ಒಂದು ಗಳಿಗೆ ಕಾದು, ನುಂಗದಿದ್ದರೆ ಅದೇ ಹುಳವನ್ನು ಗಂಟಲಿಂದ ಎಳೆದು ತೆಗೆದು ಇನ್ನೊಂದಕ್ಕೆ ಕೊಡುತ್ತದೆ. ಉಣಿಸಿದ ಬೆನ್ನಿಗೇ ಮರಿ ಹಿಂಬದಿ ಎತ್ತುತ್ತದೆ. ಬಿಳಿಯ, ಲೋಳೆಯ ಚೀಲದಲ್ಲಿ ಕಟ್ಟಿಟ್ಟಂತೆ ಹಿಕ್ಕೆ ಹೊರಬರುತ್ತದೆ. ಹಕ್ಕಿ ಅದನ್ನು ಕೊಕ್ಕಿನಲ್ಲಿ ಹಿಡಿದು ಹಾರಿ ದೂರ ಹಾಕಿ ಬರುತ್ತದೆ. ಗೂಡಿನ ಅಡಿಯಲ್ಲಿ ಒಂದು ಹನಿಯೂ ಬೀಳಕೂಡದು, ವಾಸನೆಯೂ ಬಿಳುಪೂ ವೈರಿಗೆ ದಾರಿ ತೋರಿಸುತ್ತವೆ.

ಈಗ ಹುಳದ ಮಾತಿಗೆ ಬರುತ್ತೇನೆ. ಈ ಅಂಕಣ ಬರೆಯಲು ಕೂತದ್ದೇ ಅದಕ್ಕಾಗಿ.

ಪಿಕಳಾರ ಹಣ್ಣು ತಿನ್ನುವ ಹಕ್ಕಿ. ಬಸಳೆಯ ಹಣ್ಣು, ಗಸಗಸೆ ಹಣ್ಣು, ಪೇರಲೆ, ಅತ್ತಿ ಯಾವುದನ್ನೂ ಬಿಡುವುದಿಲ್ಲ. ಆದರೆ ಮರಿಗೆ ಮೊದಲ ವಾರ ಅವು ತಂದದ್ದೆಲ್ಲ ರೋಮವಿಲ್ಲದ ಮೆತ್ತನೆಯ ಹಸಿರು ಹುಳಗಳು, ಎಳೆ ಮಿಡತೆ, ಒಮ್ಮೆ ಒಂದು ಜೇಡ. ಎರಡು ಹೆಜ್ಜೆ ಆಚೆ ಗಸಗಸೆ ಮರದಲ್ಲಿ ಹಣ್ಣು ಕೆಂಪಾಗಿ ತೂಗುತ್ತಿದ್ದವು. ತಾವು ಅದನ್ನು ತಿಂದು, ಮರಿಗೆ ಹುಳ ಹುಡುಕಲು ಹೋಗುತ್ತಿದ್ದವು. ಹಣ್ಣಿನ ಪಾಲು ಬಂದದ್ದು ಮರಿಗಳಿಗೆ ಗರಿ ಮೂಡಿದ ಮೇಲೆ. ಎರಡೇ ವಾರದಲ್ಲಿ ಬೋಳು ಮೈಯ ಜೀವವೊಂದು ರೆಕ್ಕೆ, ಗರಿ, ಸ್ನಾಯು, ಮೂಳೆ ಎಲ್ಲವನ್ನೂ ಕಟ್ಟಿಕೊಳ್ಳಬೇಕು. ಅದಕ್ಕೆ ಬೇಕಾದ ಪ್ರೋಟೀನು ಸಿಹಿಹಣ್ಣಿನಲ್ಲಿ ಇಲ್ಲ. ಗೂಡಿನಲ್ಲಿರುವ ಮರಿ ನೀರೂ ಕುಡಿಯುವುದಿಲ್ಲ, ಹುಳದ ಮೈಯಲ್ಲಿರುವ ರಸವೇ ಅದರ ನೀರು.

ಇದು ಪಿಕಳಾರ ಒಂದರ ಕಥೆಯಲ್ಲ. ಹೂವಿನ ಜೇನು ಹೀರುವ ಸೂರಕ್ಕಿ ಮರಿಗೆ ತರುವುದು ಜೇಡ ಮತ್ತು ಸಣ್ಣ ಕೀಟ. ಕಾಳು ತಿನ್ನುವ ಗುಬ್ಬಚ್ಚಿಯ ಮರಿಗೂ ಮೊದಲ ದಿನಗಳಲ್ಲಿ ಕೀಟವೇ ಬೇಕು, ಗೀಜಗಕ್ಕೂ ಅಷ್ಟೆ. ಗುಬ್ಬಚ್ಚಿ ಕಡಿಮೆಯಾಯಿತೆಂದು ನಾವು ಎಷ್ಟು ವರ್ಷದಿಂದ ಹೇಳುತ್ತಿದ್ದೇವೆ! ಮರದ ಪೆಟ್ಟಿಗೆ ತೂಗುಹಾಕಿದೆವು, ಅಕ್ಕಿ ನುಚ್ಚು ಚೆಲ್ಲಿದೆವು, ಮಣ್ಣಿನ ತಟ್ಟೆಯಲ್ಲಿ ನೀರಿಟ್ಟೆವು. ಒಳ್ಳೆಯದೇ, ಬೇಡವೆನ್ನುವುದಿಲ್ಲ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಗುಬ್ಬಚ್ಚಿ ಗೂಡುಗಳನ್ನು ವರ್ಷಗಳ ಕಾಲ ಪರೀಕ್ಷಿಸಿದವರು ಕಂಡದ್ದು ಬೇರೆಯೇ: ಸುತ್ತ ಕೀಟ ಕಡಿಮೆಯಿದ್ದ ಕಡೆ ಮರಿಗಳ ತೂಕ ಕಡಿಮೆಯಿತ್ತು, ಬದುಕುಳಿದವೂ ಕಡಿಮೆ. ದೊಡ್ಡ ಹಕ್ಕಿಗೆ ಕಾಳು ಹಾಕಿ ಸಾಕಬಹುದು. ಮರಿಗೆ ಹುಳವಿಲ್ಲದಿದ್ದರೆ ಮುಂದಿನ ತಲೆಮಾರು ಬರುವುದಿಲ್ಲ.

ಇದಕ್ಕೆ ಹೊರತಾದ ಹಕ್ಕಿಗಳೂ ಇವೆ, ಅಂಥದ್ದೊಂದನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟ. ಪಾರಿವಾಳ. ಅದರ ಗಂಟಲ ಕೆಳಗಿನ ಚೀಲದ ಒಳಪದರವೇ ಮರಿಯಾಗುವ ಹೊತ್ತಿಗೆ ದಪ್ಪಗಾಗಿ, ಕಳಚಿ, ಮೊಸರಿನಂಥ ಒಂದು ಆಹಾರವಾಗುತ್ತದೆ. ತಾಯಿ ತಂದೆ ಎರಡರಲ್ಲೂ. ಪ್ರೋಟೀನು, ಕೊಬ್ಬು ತುಂಬಿದ ಈ 'ಹಾಲ'ನ್ನೇ ಮೊದಲ ದಿನಗಳಲ್ಲಿ ಮರಿಗೆ ಉಣಿಸುತ್ತದೆ. ಬೆಳವಕ್ಕೂ ಇದೇ ವಿದ್ಯೆ. ಹೀಗಾಗಿ ಪಾರಿವಾಳಕ್ಕೆ ಹುಳ ಬೇಕಿಲ್ಲ, ಗಿಡ ಬೇಕಿಲ್ಲ, ಮಳೆಗಾಲಕ್ಕೆ ಕಾಯಬೇಕಿಲ್ಲ. ಯಾರೋ ಚೆಲ್ಲಿದ ಜೋಳ, ಯಾರದೋ ಬಾಲ್ಕನಿಯ ಏಸಿ ಪೆಟ್ಟಿಗೆಯ ಹಿಂದಿನ ಒಂದು ಗೇಣು ಜಾಗ, ಇಷ್ಟಿದ್ದರೆ ವರ್ಷವಿಡೀ ಸಂಸಾರ. ಬೆಂಗಳೂರಿನ ಬಡಾವಣೆಗಳಲ್ಲಿ ಬೇರೆ ಹಕ್ಕಿಗಳು ವಿರಳವಾಗಿ ಪಾರಿವಾಳ ತುಂಬಿಕೊಂಡದ್ದಕ್ಕೆ ಇದೊಂದು ದೊಡ್ಡ ಕಾರಣ. ನಾವು ಹುಳವಿಲ್ಲದ ಊರುಗಳನ್ನು ಕಟ್ಟಿದೆವು, ಹುಳವಿಲ್ಲದೆ ಮರಿ ಸಾಕಬಲ್ಲ ಹಕ್ಕಿ ಬಂದು ಕೂತಿತು.

ಹಾಗಾದರೆ ಹುಳ ಎಲ್ಲಿಂದ ಬರಬೇಕು? ಎಲೆಯಿಂದ. ಅದೂ ಎಲ್ಲ ಎಲೆಯಿಂದಲ್ಲ. ಚಿಟ್ಟೆ, ಪತಂಗಗಳು ತಮಗೆ ಒಗ್ಗಿದ ಗಿಡ ಹುಡುಕಿ ಮೊಟ್ಟೆಯಿಡುತ್ತವೆ. ಕರಿಬೇವಿಗೂ ನಿಂಬೆಗೂ ಬರುವ ಹುಳವನ್ನು ಎಲ್ಲರೂ ಕಂಡಿರುತ್ತೀರಿ: ಮೊದಲು ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳಿ, ಬೆಳೆದ ಮೇಲೆ ದಪ್ಪಗೆ, ಹಸಿರಾಗಿ. ಕಕ್ಕೆ ಮರಕ್ಕೆ ಹಳದಿ ಚಿಟ್ಟೆಗಳ ಮರಿಹುಳ ಬರುತ್ತದೆ. ಹೊಂಗೆಯ ಎಲೆ ತೂತಿಲ್ಲದೆ ಇರುವುದನ್ನು ನಾನು ಕಂಡಿಲ್ಲ. ಆದರೆ ನರ್ಸರಿಯಿಂದ ತಂದು ಬೇಲಿಗೆ ಸಾಲಾಗಿ ನೆಡುವ ಡುರಾಂಟಾ, ಅಂಗಳಕ್ಕೆ ಹಾಸುವ ಹೊರದೇಶದ ಹುಲ್ಲು, ಬಣ್ಣದ ಕ್ರೋಟನ್, ಇವುಗಳ ಎಲೆ ವರ್ಷವಿಡೀ ಒಂದು ಗೀರೂ ಇಲ್ಲದೆ ಹೊಳೆಯುತ್ತದೆ. ಮಾರುವವರು ಅದನ್ನೇ ಗುಣವೆಂದು ಹೇಳುತ್ತಾರೆ: ಹುಳ ಬೀಳುವುದಿಲ್ಲ. ಹುಳ ಬೀಳದ ಗಿಡವೆಂದರೆ ಹಕ್ಕಿಯ ಮರಿಗೆ ಉಣ್ಣಲು ಏನೂ ಇಲ್ಲದ ಗಿಡ. ಅಮೆರಿಕದ ವಾಷಿಂಗ್ಟನ್ ನಗರದ ಮನೆಯಂಗಳಗಳಲ್ಲಿ ಚಿಕಡಿ ಎಂಬ ಪುಟ್ಟ ಹಕ್ಕಿಯನ್ನು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಂದು ಲೆಕ್ಕ ಸಿಕ್ಕಿತು. ಅಂಗಳದ ಹಸಿರಿನಲ್ಲಿ ಶೇಕಡ 70ಕ್ಕಿಂತ ಹೆಚ್ಚು ಆ ನೆಲದ್ದೇ ಗಿಡಮರಗಳಿದ್ದ ಕಡೆ ಮಾತ್ರ ಆ ಹಕ್ಕಿಯ ಸಂಖ್ಯೆ ಕುಸಿಯದೆ ನಿಲ್ಲಬಲ್ಲದು. ಅವರ ಗಿಡ ಬೇರೆ, ನಮ್ಮ ಗಿಡ ಬೇರೆ. ಎಲೆ, ಹುಳ, ಮರಿ ಎಂಬ ಮೂರು ಮೆಟ್ಟಿಲು ಮಾತ್ರ ಎಲ್ಲ ಕಡೆ ಒಂದೇ.

ನಮ್ಮ ಕರಿಬೇವಿನ ಗಿಡ ಈ ಸಲ ಅರ್ಧ ಬೋಳಾಯಿತು. ಹುಳ ಹೆಚ್ಚಾಗಿದೆ, ಔಷಧ ಹೊಡೆಸಿ ಎಂದು ನೋಡಿದವರೆಲ್ಲ ಹೇಳಿದರು. ಔಷಧವೆಂಬ ಮಾತೇ ಇಲ್ಲಿ ತಪ್ಪು, ಅದು ವಿಷ. ಸಿಂಪಡಿಸಿದ ಮರುದಿನ ಹುಳಗಳು ಸತ್ತು ಬಿದ್ದರೆ ಹಕ್ಕಿಗೆ ಹುಡುಕಲು ಏನೂ ಉಳಿಯದು. ಅರೆಜೀವವಾಗಿ ತೆವಳುತ್ತಿದ್ದರೆ ಇನ್ನೂ ಕೆಟ್ಟದು, ಸುಲಭಕ್ಕೆ ಸಿಕ್ಕಿತೆಂದು ಅದನ್ನೇ ಮರಿಯ ಬಾಯಿಗೆ ಇಡುತ್ತದೆ. ನಾನು ಹೊಡೆಸಲಿಲ್ಲ. ಒಗ್ಗರಣೆಗೆ ಪಕ್ಕದ ಮನೆಯಿಂದ ಎರಡು ವಾರ ಎಲೆ ಕೇಳಿ ತಂದೆವು. ಪಿಕಳಾರಗಳು ಆ ಗಿಡಕ್ಕೆ ಬೆಳಗಿನಿಂದ ಸಂಜೆಯವರೆಗೆ ಎಷ್ಟು ಸಲ ಬಂದವೆಂದರೆ ಮರಿಗಳು ಗೂಡು ಬಿಡುವ ಹೊತ್ತಿಗೆ ಅದರಲ್ಲಿ ಹುಳವೇ ಇರಲಿಲ್ಲ. ಈಗ ಹೊಸ ಚಿಗುರು ಬಂದಿದೆ.

ಇನ್ನು ವೈರಿಗಳು. ನಮ್ಮ ದೇಶದಂಥ ಬಿಸಿನಾಡಿನಲ್ಲಿ ತೆರೆದ ಬಟ್ಟಲುಗೂಡು ಕಟ್ಟುವ ಹಕ್ಕಿಗಳ ಗೂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳಾಗುವುದು ಸಾಮಾನ್ಯ. ಕೆಂಬೂತ, ಕಾಗೆ, ಮಟಪಕ್ಷಿ, ಓತಿಕ್ಯಾತ, ಹಾವು, ಬೆಕ್ಕು. ನವಿಲನ್ನು ನೋಡಿ ಪುಕ್ಕ ತರಿದುಕೊಂಡಿತು ಎಂಬ ಗಾದೆಯಲ್ಲಿ ಬರುವ ಕೆಂಬೂತ, ತೋಟದಲ್ಲಿ ನೋಡಿದರೆ ಬಲು ಜಾಣ ಬೇಟೆಗಾರ. ಗಿಡದ ಬುಡದಿಂದ ಬುಡಕ್ಕೆ ನಡೆದುಕೊಂಡೇ ಹೋಗುತ್ತ ಒಂದೊಂದು ಪೊದೆಯನ್ನೂ ಒಳಗಿನಿಂದ ಜಾಲಾಡುತ್ತದೆ. ಹಕ್ಕಿಗಳು ಹೆಚ್ಚು ಸಲ ಗೂಡಿಗೆ ಹೋಗಿಬಂದಷ್ಟೂ ಅದರ ಕಣ್ಣಿಗೆ ಬೀಳುವುದು ಹೆಚ್ಚು.

ಇಲ್ಲಿ ಒಂದು ಹಳೆಯ ಪ್ರಶ್ನೆ ನೆನಪಾಗುತ್ತದೆ. ಯುರೋಪಿನ ನೀಲಿ ಟಿಟ್ ಎಂಬ ಪುಟ್ಟ ಹಕ್ಕಿ ಒಂದೇ ಸಲಕ್ಕೆ ಎಂಟು, ಹತ್ತು ಮೊಟ್ಟೆಯಿಡುತ್ತದೆ. ಅದಕ್ಕಿಂತ ದೊಡ್ಡದಾದ ನಮ್ಮ ಪಿಕಳಾರ ಇಡುವುದು ಎರಡೋ ಮೂರೋ. ಯಾಕೆ? ಇಂಗ್ಲೆಂಡಿನ ಪಕ್ಷಿವಿಜ್ಞಾನಿ ಡೇವಿಡ್ ಲ್ಯಾಕ್ 1947ರಲ್ಲಿ ಹೇಳಿದ್ದು: ಹಕ್ಕಿ ತಾನು ಎಷ್ಟು ಮರಿಗೆ ಉಣಿಸಬಲ್ಲದೋ ಅಷ್ಟೇ ಮೊಟ್ಟೆಯಿಡುತ್ತದೆ. ಉತ್ತರದ ಬೇಸಗೆಯಲ್ಲಿ ಹಗಲು ಉದ್ದ, ಹುಳ ವಿಪುಲ. ಇಲ್ಲಿ ಹಗಲು ಗಿಡ್ಡ. ಕೋಸ್ಟರಿಕದಲ್ಲಿ ತನ್ನ ಸ್ವಂತ ತೋಟದಲ್ಲೇ ಜೀವಮಾನವಿಡೀ ಹಕ್ಕಿಗೂಡು ನೋಡಿದ ಅಲೆಕ್ಸಾಂಡರ್ ಸ್ಕಚ್ ಇದನ್ನು ಒಪ್ಪಲಿಲ್ಲ. 1949ರಲ್ಲಿ ಆತ ಬರೆದದ್ದು: ಬಿಸಿನಾಡಿನ ಹಕ್ಕಿ ಇನ್ನೂ ಹೆಚ್ಚು ಮರಿಗೆ ಉಣಿಸಬಲ್ಲದು, ಆದರೆ ಹಾಗೆ ಮಾಡಲು ಹೆಚ್ಚು ಸಲ ಗೂಡಿಗೆ ಬರಬೇಕು, ಬಂದಷ್ಟೂ ಬೇಟೆಗಾರನ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಕಡಿಮೆ ಮರಿ, ಕಡಿಮೆ ಓಡಾಟ. ಇಬ್ಬರ ಮಾತಿನಲ್ಲೂ ಹುರುಳಿದೆ ಎಂದು ಪಂಡಿತರು ಈಗಲೂ ವಾದಿಸುತ್ತಾರೆ. ಕಿಟಕಿಯಲ್ಲಿ ನಿಂತು ನೋಡಿದ ನನಗೆ ಸ್ಕಚ್ ಮಾತು ಹೆಚ್ಚು ಒಪ್ಪಿಗೆಯಾಯಿತು. ನಮ್ಮ ಪಿಕಳಾರ ಒಂದು ದಿನವೂ ನೇರವಾಗಿ ಗೂಡಿಗೆ ಹಾರಿ ಬಂದದ್ದಿಲ್ಲ. ಮೊದಲು ತಂತಿಯ ಮೇಲೆ, ಆಮೇಲೆ ನಿಂಬೆಗಿಡ, ಆಮೇಲೆ ನಂದಿಬಟ್ಟಲ ಆಚೆ ಬದಿ. ಬಾಯಲ್ಲಿ ಹುಳ ಹಿಡಿದು ಸುತ್ತ ನೋಡುತ್ತ ಕೂರುವುದು. ಒಂದು ಸಲ ನಾನು ಹಿತ್ತಲ ಬಾಗಿಲು ತೆರೆದೆ. ಆ ಹಕ್ಕಿ ಹುಳವನ್ನು ಹಿಡಿದುಕೊಂಡೇ ಹನ್ನೊಂದು ನಿಮಿಷ ಕಾಯಿತು, ನಾನು ಒಳಗೆ ಹೋಗುವ ತನಕ.

ಗೂಡಿನ ಹತ್ತಿರ ನಾವು ನಿಂತಷ್ಟು ಹೊತ್ತು ಮರಿಗಳು ಉಪವಾಸ. ಫೋಟೊ ತೆಗೆಯುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಚೆನ್ನಾಗಿ ಕಾಣಲೆಂದು ಅಡ್ಡ ಬಂದ ಎರಡು ಎಲೆ ಚಿವುಟಿದರೆ, ನಮಗೆ ಕಂಡದ್ದು ಮಟಪಕ್ಷಿಗೂ ಕಾಣುತ್ತದೆ.

ಇದು ನನಗೆ ಪಾಠವಾದದ್ದು ಮೂರು ವರ್ಷದ ಹಿಂದೆ. ಏಪ್ರಿಲ್‌ನಲ್ಲಿ ಮುಂಬದಿಯ ಬೇಲಿಯನ್ನು ಮಟ್ಟ ಮಾಡಿಸಿದೆ. ಕೆಲಸದವನು ಅರ್ಧ ಕತ್ತರಿಸಿದ ಮೇಲೆ ಕರೆದು ತೋರಿಸಿದ: ಒಳಗೆ ಪಿಕಳಾರದ ಗೂಡು, ಕಣ್ಣು ತೆರೆಯದ ಮೂರು ಮರಿ. ಅಲ್ಲಿಗೇ ನಿಲ್ಲಿಸಿ, ಕತ್ತರಿಸಿದ ಟೊಂಗೆಗಳನ್ನೇ ಮತ್ತೆ ಮೇಲೆ ಹೊದಿಸಿ ಕಟ್ಟಿದೆ. ಹಕ್ಕಿಗಳು ಸಂಜೆಯವರೆಗೂ ಉಣಿಸಿದವು. ಬಿಸಿಲಿಗೆ ಆ ಎಲೆಗಳು ರಾತ್ರಿಯೊಳಗೆ ಬಾಡಿ ಸುರುಟಿದವು. ಮರುದಿನ ಬೆಳಗ್ಗೆ ಮಟಪಕ್ಷಿ ಮೂರನ್ನೂ ಒಂದೊಂದಾಗಿ ಒಯ್ದಿತು. ನಾನು ಓಡಿಹೋಗುವಷ್ಟರಲ್ಲಿ ಮುಗಿದಿತ್ತು. ಆ ಜೋಡಿ ಅರ್ಧ ದಿನ ಬಾಯಲ್ಲಿ ಹುಳ ಹಿಡಿದುಕೊಂಡು ಬೇಲಿಯ ಮೇಲೆ ಕೂತಿತ್ತು. ಮಟಪಕ್ಷಿಗೂ ಎಲ್ಲೋ ಮರಿಗಳಿದ್ದಿರಬೇಕು, ಅದನ್ನು ನಾನು ದೂರುವುದಿಲ್ಲ. ಕತ್ತರಿಯ ಕೆಲಸ ಮಾತ್ರ ನನ್ನದು.

ನಮ್ಮ 1972ರ ವನ್ಯಜೀವಿ ರಕ್ಷಣಾ ಕಾಯ್ದೆ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದನ್ನೂ, ಮೊಟ್ಟೆ ಗೂಡುಗಳನ್ನು ಕದಡುವುದನ್ನೂ 'ಬೇಟೆ' ಎಂಬ ಪದದ ಅರ್ಥದೊಳಗೇ ಸೇರಿಸಿದೆ. ಕೋವಿ ಹಿಡಿದು ಹೊಡೆಯುವುದೂ ಗೂಡು ಕದಡುವುದೂ ಆ ಪದದಡಿ ಒಂದೇ. ಕಾಯ್ದೆ ಬರೆದವರು ಹಕ್ಕಿ ನೋಡಿದವರ ಮಾತು ಕೇಳಿ ಬರೆದಂತಿದೆ.

ನಂದಿಬಟ್ಟಲಲ್ಲಿ ಮೊಟ್ಟೆಯೊಡೆದ ಹನ್ನೆರಡನೆಯ ದಿನ ಬೆಳಗ್ಗೆ ಮರಿಗಳು ಗೂಡಿನಂಚಿಗೆ ಬಂದು ನಿಂತವು. ಬಾಲ ಇನ್ನೂ ಮೊಂಡು, ರೆಕ್ಕೆಯ ಗರಿಗಳ ಬುಡದಲ್ಲಿ ನೀಲಿಯ ಕೊಳವೆಗಳು ಹಾಗೇ ಇದ್ದವು, ಕಣ್ಣ ಹಿಂದಿನ ಕೆಂಪು ಬೊಟ್ಟು ಇರಲಿಲ್ಲ. ಅದು ಬರುವುದು ಆಮೇಲೆ. ಅಪ್ಪ ಅಮ್ಮ ಹುಳ ಹಿಡಿದು ಎದುರಿನ ಕೊಂಬೆಯಲ್ಲಿ ಕೂತು ಕರೆದವು, ಕೊಡಲು ಬರಲಿಲ್ಲ. ಒಂಬತ್ತು ಗಂಟೆಯ ಸುಮಾರಿಗೆ ಮೊದಲನೆಯದು ಹಾರಿತು. ಹಾರಿತು ಎನ್ನುವುದಕ್ಕಿಂತ ಜಿಗಿದು ಬೀಳುವಾಗ ರೆಕ್ಕೆ ಬಡಿಯಿತು. ನೆಲದ ಮೇಲೆ ಮೂರು ಕುಪ್ಪಳಿಸಿ ದಾಸವಾಳದ ಬುಡ ಸೇರಿತು. ಮಧ್ಯಾಹ್ನದೊಳಗೆ ಎರಡನೆಯದೂ.

ಗೂಡು ಬಿಟ್ಟ ಮರಿ ಹಾರಲು ಕಲಿತು ಬಿಟ್ಟದ್ದಲ್ಲ, ಗೂಡು ಅಪಾಯದ ಜಾಗವೆಂದು ಬಿಟ್ಟದ್ದು. ಮುಂದೆ ಹಲವು ದಿನ ಅದು ಪೊದೆಯಿಂದ ಪೊದೆಗೆ ಅಡಗುತ್ತ, ಕೀಚು ದನಿಯಲ್ಲಿ ಕರೆಯುತ್ತ, ಉಣಿಸಿಕೊಳ್ಳುತ್ತ ಹಾರುವುದನ್ನು ಕಲಿಯುತ್ತದೆ. ಇದೇ ಹೊತ್ತಿನಲ್ಲಿ ಒಳ್ಳೆಯ ಮನಸ್ಸಿನವರ ಕೈಗೆ ಸಿಕ್ಕು ಅದೆಷ್ಟೋ ಮರಿಗಳು ಸಾಯುತ್ತವೆ. ನೆಲದಲ್ಲಿ ಗರಿ ಮೂಡಿದ ಮರಿ ಕಂಡರೆ ಅದು ತಾಯಿ ಬಿಟ್ಟುಹೋದ ಅನಾಥವಲ್ಲ. ತಾಯಿ ಹತ್ತಿರದಲ್ಲೇ ಇದೆ, ನೀವು ಸರಿಯುವುದನ್ನು ಕಾಯುತ್ತಿದೆ. ಎತ್ತಿ ಡಬ್ಬಿಯಲ್ಲಿ ಇಡಬೇಡಿ. ಬಾಯಿಗೆ ನೀರು ಬಿಡಲೇಬೇಡಿ. ಮರಿಯ ಶ್ವಾಸನಾಳದ ದ್ವಾರ ನಾಲಿಗೆಯ ಬುಡದಲ್ಲೇ ಇರುತ್ತದೆ, ಹನಿಸಿದ ನೀರು ಅದರೊಳಗೆ ಹೋಗುತ್ತದೆ. ಅನ್ನ, ಹಾಲು, ಬ್ರೆಡ್ಡು ಯಾವುದೂ ಅದರ ಊಟವಲ್ಲ. ರಸ್ತೆಯಲ್ಲಿದ್ದರೆ ಹತ್ತಿರದ ಪೊದೆಯೊಳಕ್ಕೆ ದಾಟಿಸಿ. ಮೈ ಬೋಳಾಗಿರುವ ಮರಿ ಗೂಡಿಂದ ಬಿದ್ದಿದ್ದರೆ ಮಾತ್ರ ಎತ್ತಿ ಅದೇ ಗೂಡಿಗೆ ಹಿಂದಿಡಿ. ಮನುಷ್ಯ ಮುಟ್ಟಿದ ಮರಿಯನ್ನು ಹಕ್ಕಿ ಸೇರಿಸಿಕೊಳ್ಳುವುದಿಲ್ಲ ಎಂದು ನಮ್ಮಜ್ಜಿಯೂ ಹೇಳುತ್ತಿದ್ದರು, ಅದು ನಿಜವಲ್ಲ. ಮುಟ್ಟಿದ ವಾಸನೆಗೆ ಹಕ್ಕಿ ಮರಿಯನ್ನು ತೊರೆಯುವುದಿಲ್ಲ. ಮನೆಯ ಬೆಕ್ಕನ್ನು ಆ ಒಂದು ವಾರ ಒಳಗೆ ಕಟ್ಟಿಹಾಕಿ. ಕೆಂಬೂತ ಈ ತೋಟದ್ದು, ಬೆಕ್ಕನ್ನು ತಂದವರು ನಾವು.

ಎಲ್ಲ ಹಕ್ಕಿಗಳೂ ಒಂದೇ ಕಾಲಕ್ಕೆ ಗೂಡು ಕಟ್ಟುವುದಿಲ್ಲ. ಮಡಿವಾಳ ಹಕ್ಕಿ ಬೇಸಗೆಯಲ್ಲಿ ಮರದ ಪೊಟರೆ ಹುಡುಕಿದರೆ, ಗೀಜಗ ಮಳೆಗೆ ಕಾಯುತ್ತದೆ. ಸೂರಕ್ಕಿ ಜೇಡರಬಲೆಯಿಂದ ಚೀಲ ಹೊಲಿದು ವರಾಂಡದ ತಂತಿಗೆ ತೂಗುಹಾಕುವುದನ್ನು ಬೇರೆ ಬೇರೆ ತಿಂಗಳಲ್ಲಿ ಕಂಡಿದ್ದೇನೆ. ಯುಗಾದಿಗೆ ಬಲೆ ಹೊಡೆಯುವಾಗ ಹಿತ್ತಲ ಮೂಲೆಯದನ್ನಾದರೂ ಅದಕ್ಕೆ ಬಿಡಿ. ಟುವ್ವಿ ಹಕ್ಕಿ ಬದನೆಗಿಡದ ಎರಡು ಎಲೆ ಸೇರಿಸಿ ಹೊಲಿದರೆ ಕಾಯಿ ಕೊಯ್ಯುವವರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಇಂಥ ತಿಂಗಳು ಕತ್ತರಿಸಬೇಡಿ ಎಂದು ಹೇಳಿದರೆ ಸಾಲದು. ಗಿಡಕ್ಕೆ ಕತ್ತರಿ ಹಾಕುವ ಮುನ್ನ, ಅದು ಯಾವ ತಿಂಗಳೇ ಇರಲಿ, ಬೆಳಗಿನ ಹೊತ್ತು ಅರ್ಧ ಗಂಟೆ ದೂರ ಕೂತು ನೋಡಿ. ಬಾಯಲ್ಲಿ ಹುಳ ಹಿಡಿದ ಹಕ್ಕಿಯೊಂದು ಆ ಗಿಡದೊಳಗೆ ಹೋಗಿ ಬರಿಬಾಯಲ್ಲಿ ಹೊರಬಂದರೆ, ಮೂರು ವಾರ ಕತ್ತರಿ ಒಳಗಿರಲಿ.